ಬೂಟು ಬಿಚ್ಚಿ ಓಡಿದ ತಿಪ್ಪಮ್ಮ

ಎಲ್ಲರಿಗಿಂತ ಮುಂದೆ ಓಡಿಬರುತ್ತಿದ್ದ ತಿಪ್ಪಮ್ಮ ನನ್ನ ಕಣ್ಣೆದುರೇ ಗಕ್ಕನೆ ನಿಂತುಬಿಟ್ಟಳು. ಮೇ ದಿನದ ರಜೆಗೆಂದು ಚಳ್ಳಕೆರೆ ಹತ್ತಿರದ ನಮ್ಮೂರಿನಲ್ಲಿ ಹೆಂಗಸರ ಓಟವಿತ್ತು. ಮೊದಲ ಬಹುಮಾನ ಹೊಲಿಗೆ ಯಂತ್ರ. ಅದರ ಆಸೆಗೇ ನಮ್ಮ ಪಕ್ಕದ ಮನೆಯ ತಿಪ್ಪಮ್ಮ ದಿನಾ ನಸುಕಿನಲ್ಲೆದ್ದು ಓಡಿ ಅಭ್ಯಾಸ ಮಾಡಿದ್ದಳು. ನಾನು ತಿರುವಿನಲ್ಲಿ ಮಜ್ಜಿಗೆ ಕೊಡಲು ನಿಂತಿದ್ದೆ. ಅಲ್ಲಿ ಅಜ್ಜಿಯೊಬ್ಬರು ಓಟದ ಸುದ್ದಿ ತಿಳಿಯದೆ ರಸ್ತೆ ತುಂಬ ಶೇಂಗಾ ಒಣಹಾಕಿದ್ದರು. ಎರಡೂ ಬದಿಗೆ ಜಾಲಿಮುಳ್ಳು.

ತಿಪ್ಪಮ್ಮ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದಳು.

"ಓಡೇ ತಾಯಿ, ನಾಕು ಕಾಯಿ ಒಡೆದ್ರೆ ಒಡೀಲಿ!" ಎಂದು ಅಜ್ಜಿಯೇ ಕೂಗಿದರು.

"ತಿನ್ನೋದನ್ನ ಬೂಟುಗಾಲಲ್ಲಿ ಹೆಂಗ್ ತುಳೀಲವ್ವಾ?" ಎಂದ ತಿಪ್ಪಮ್ಮ, ಕಾಯಿಯನ್ನು ಪಾದದಿಂದ ಮೆಲ್ಲಗೆ ಸರಿಸುತ್ತಾ ದಾಟಿದಳು. ಅಷ್ಟರಲ್ಲಿ ಹಿಂದಿದ್ದ ಇಬ್ಬರು ಚಟಪಟ ತುಳಿದುಕೊಂಡೇ ಮುಂದೆ ಹೋದರು. ಮತ್ತೆ ಲೇಸು ಕಟ್ಟುತ್ತಾ ಕೂರದೆ, ಅವಳು ಕಾದ ಟಾರಿನ ಮೇಲೆ ಬರಿಗಾಲಲ್ಲೇ ಓಡಿದಳು. ಆದರೂ ಮೂರನೆಯವಳಾದಳು, ಸಿಕ್ಕಿದ್ದು ಸ್ಟೀಲ್ ಕೊಡ.

"ಯಂತ್ರ ಹೋಯ್ತಲ್ಲೇ" ಎಂದು ನಾನು ಮರುಗಿದರೆ, "ಹೋಗ್ಲಿ ಬಿಡಕ್ಕಾ, ಮೊದ್ಲು ಈ ಕೊಡದಾಗೆ ನೀರು ತಂದು ನನ್ನ ಕಾಲಿಗೆ ಹುಯ್ಯಿ" ಎಂದು ನಕ್ಕಳು.

ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಬೊಬ್ಬೆ ಎದ್ದಿದ್ದ ಆ ಪಾದಗಳಿಗೆ ನೀರು ಹಾಕುವಾಗ, ಹಿರಿಯರ ಪಾದ ತೊಳೆಯುವಂತೆ ನನ್ನ ತಲೆ ತಾನಾಗಿಯೇ ಬಾಗಿತ್ತು.