ಸಿದ್ದಕ್ಕನ ಬೆರಳು

ಪೀಣ್ಯದ ಫ್ಯಾಕ್ಟರಿಯಲ್ಲಿ ಬೋಲ್ಟುಗಳ ತಪ್ಪು ಹುಡುಕುವುದೇ ನನ್ನ ಕೆಲಸ. ನಾನು ಅಂಗಿಯನ್ನು ತಿರುವುಮುರುವಾಗಿ ತೊಟ್ಟಿದ್ದನ್ನು ಮಾತ್ರ ಖಾನಾವಳಿಯ ಸಿದ್ದಕ್ಕನೇ ಹೇಳಬೇಕು. ಹಿಟ್ಟಿನಲ್ಲಿ ಸಾಸಿವೆಯಷ್ಟು ಹರಳಿದ್ದರೂ ಆಕೆಯ ಬೆರಳಿಗೆ ಸಿಗುತ್ತದೆ. ರೊಟ್ಟಿ ಒಯ್ಯಲು ಬರುವ ಗಾರ್ಮೆಂಟ್ಸ್ ಹುಡುಗಿಯರನ್ನು ಆಕೆ ಊಟ ಆಯ್ತಾ ಎಂದು ಕೇಳುವುದಿಲ್ಲ, "ಈ ತಿಂಗಳು ಎದಿ ಮುಟ್ಟಿ ನೋಡ್ಕೊಂಡಿಯೇನವಾ?" ಎಂದು ಉಣ್ಣುವವರಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ. ಅವರು ನಗುತ್ತಾರೆ, ನಾನು ತಟ್ಟೆಯಲ್ಲಿ ತಲೆ ಹುದುಗಿಸುತ್ತೇನೆ. ಎಡಗೈಯನ್ನು ಸೆರಗಿನೊಳಗಿಟ್ಟು ಬಲಗೈ ಒಂದರಲ್ಲೇ ರೊಟ್ಟಿ ಬಡಿಯುವ ಆಕೆಗೆ, "ಏನ್ ಸ್ಟೈಲ್ ಅಕ್ಕಾ" ಅಂತ ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಮಧ್ಯಾಹ್ನ ಭುವನೇಶ್ವರಿ ಎಂಬ ಹುಡುಗಿ ಪಿಸುಗುಟ್ಟಿದಳು: "ಒಂದು ಗಂಟು ಸಿಕ್ಕೈತಿ ಅಕ್ಕಾ. ನೋವೇನಿಲ್ಲ, ದೀಪಾವಳಿ ರಜಾಕ್ಕ ತೋರಸ್ತೀನಿ." ಸಿದ್ದಕ್ಕನ ಕೈ ನಿಂತಿತು. ಸೆರಗು ಸರಿಸಿ, ಎದೆಯ ಕ್ಯಾನ್ಸರ್ ಗಂಟಿನ ಆಪರೇಷನ್ ಆದಮೇಲೆ ಬಾತು ದಿಂಬಿನಂತಾದ ಎಡಗೈ ತೋರಿಸಿದಳು. "ನನಗೂ ನೋವಿರ್ಲಿಲ್ಲವಾ. ನಾನೂ ಹಬ್ಬ ಮುಗೀಲಿ ಅಂದಿದ್ದೆ." ಒಲೆ ಆರಿಸಿ, ಕೈ ತೊಳೆದು, ಹುಡುಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಹೆಂಚಿನ ಮೇಲೆ ಅರ್ಧ ಬೆಂದ ರೊಟ್ಟಿ ಹಾಗೇ ಇತ್ತು. ಬಿಸಿ ರೊಟ್ಟಿಗಾಗಿ ದಿನಾ ಜಗಳ ಆಡುವ ನಾವು ಅದನ್ನೇ ನೋಡುತ್ತಾ ತಣ್ಣನೆಯ ಅನ್ನ ಉಂಡೆವು.