ಕಿರವತ್ತಿಯಲ್ಲಿ ಇಳಿತ

ಆಗೆಲ್ಲ ನನಗೆ ಬೇಸಗೆ ರಜೆ ಅಂದರೆ ಘಟ್ಟ ಇಳಿಯುವುದು. ಕಿರವತ್ತಿಯ ಹೆದ್ದಾರಿ ಪಕ್ಕ ಅಪ್ಪನ ಪಂಕ್ಚರ್ ಅಂಗಡಿ, ಅದರ ಬೆನ್ನಿಗೇ ನಮ್ಮ ಮನೆ. ವರ್ಷವಿಡೀ ಬಿಸಿ ರಬ್ಬರಿನ ವಾಸನೆ, ಡೀಸೆಲ್ಲಿನ ಹೊಗೆ, ಪಕ್ಕದ ಢಾಬಾದ ಒಗ್ಗರಣೆಯ ಘಾಟು. ಪರೀಕ್ಷೆ ಮುಗಿದದ್ದೇ ಅಪ್ಪ ನನ್ನನ್ನು ಗುರುತಿನ ಕಂಡಕ್ಟರರಿಗೆ ಒಪ್ಪಿಸಿ ಬಸ್ಸು ಹತ್ತಿಸುತ್ತಿದ್ದ. ಅರಬೈಲು ಘಟ್ಟದ ತಿರುವುಗಳಲ್ಲಿ ತಿಂದದ್ದನ್ನೆಲ್ಲ ಕಕ್ಕಿಕೊಂಡು, ಹಣ್ಣಾಗಿ ಅಂಕೋಲೆಯಲ್ಲಿ ಇಳಿದರೆ ಅಲ್ಲಿ ಸೋದರಮಾವ ನಿಂತಿರುತ್ತಿದ್ದ.

ಅಜ್ಜಿಮನೆ ಇದ್ದದ್ದು ಗಂಗಾವಳಿ ಹೊಳೆಯ ನಡುವಿನ ಒಂದು ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ. ನಮ್ಮ ಯಲ್ಲಾಪುರದ ಕಾಡಿನಲ್ಲಿ ಬೇಡ್ತಿ ಅನ್ನಿಸಿಕೊಂಡು ಹರಿಯುವ ಹೊಳೆಯೇ ಸಮುದ್ರದ ಹತ್ತಿರ ಹೋದಾಗ ಹೆಸರು ಬದಲಿಸಿಕೊಂಡು, ಮೈ ಹರಡಿಕೊಂಡು ಗಂಗಾವಳಿಯಾಗುತ್ತದೆ. ದಿನಕ್ಕೆರಡು ಸಲ ಸಮುದ್ರ ಒಳಗೆ ಬಂದು ಹೊಳೆಯನ್ನು ತುಂಬುತ್ತಿತ್ತು, ಅದು ಭರತಿ. ಎರಡು ಸಲ ನೀರು ಹಿಂದೆ ಸರಿದು ಕೆಸರು ಬಯಲಾಗುತ್ತಿತ್ತು, ಅದು ಇಳಿತ. ಇಳಿತದಲ್ಲಿ ದೋಣಿ ಕೆಸರಿನಲ್ಲಿ ಕೂತುಬಿಡುತ್ತಿತ್ತು. ಆಚೆ ದಡಕ್ಕೆ ಹೋಗಬೇಕಾದವರು ಎಂಥ ಅವಸರವಿದ್ದರೂ ನೀರು ಬರುವವರೆಗೆ ಕೂರಬೇಕು. ಅಲ್ಲಿಯ ಜನಕ್ಕೆ ಗಡಿಯಾರದ ಗೊಡವೆಯೇ ಇರಲಿಲ್ಲ.

ನನಗಂತೂ ಇಳಿತವೇ ಹಬ್ಬ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ನೀರಿನಿಂದ ಎದ್ದು ಕಾಣುತ್ತಿತ್ತು. ತಲೆಯ ಮೇಲೆ ಕಣ್ಣಿಟ್ಟುಕೊಂಡ ಸಣ್ಣ ಮೀನುಗಳು ನೀರು ಬೇಡವೆಂಬಂತೆ ಕೆಸರಿನ ಮೇಲೆ ಕುಪ್ಪಳಿಸುತ್ತಿದ್ದವು. ಬೆಳ್ಳಕ್ಕಿಗಳು ಕಾಲೆತ್ತಿ ಯೋಚಿಸುತ್ತ ನಡೆಯುತ್ತಿದ್ದವು. ಒಮ್ಮೊಮ್ಮೆ ಬೆಳಗಿನ ಮಂಜಿನಲ್ಲಿ ನೀರುನಾಯಿಗಳ ಸಂಸಾರ ಒಂದರ ಹಿಂದೊಂದು ತೇಲಿ ಹೋಗುತ್ತಿತ್ತು. ನಿಜವಾಗಿ ನೋಡಿದೆನೋ ಕನಸಿನಲ್ಲಿ ಕಂಡೆನೋ ಎಂದು ಈಗಲೂ ಅನುಮಾನ. ಅಜ್ಜಿ ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ ಮರಳಿನ ಕಡೆ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಳು. ಮಧ್ಯಾಹ್ನ ತೆಂಗಿನಕಾಯಿ ಹಾಕಿದ ಬಳಚಿನ ಪಲ್ಯ, ಕೆಂಪಕ್ಕಿ ಗಂಜಿ.

ಎಲ್ಲಕ್ಕಿಂತ ಮೋಜಿನದು ಒಂದು ಏಡಿ. ಹೆಬ್ಬೆರಳ ಗಾತ್ರ, ಒಂದು ಕೈ ಮಾತ್ರ ಮೈಗಿಂತ ದೊಡ್ಡದು, ಕೇಸರಿ ಬಣ್ಣದ್ದು. ನೀರು ಇಳಿದದ್ದೇ ನೂರಾರು ಏಡಿಗಳು ಬಿಲದಿಂದ ಹೊರಬಂದು ಆ ಕೈ ಮೇಲೆತ್ತಿ ಬಾ ಬಾ ಎಂದು ಬೀಸುತ್ತಿದ್ದವು. ಕರೆಯುವುದು ಹೆಣ್ಣೇಡಿಯನ್ನು, ನಮ್ಮನ್ನಲ್ಲ. ಆದರೂ ನಾನು ಹೋಗದೆ ಬಿಡುತ್ತಿರಲಿಲ್ಲ. ಭರತಿ ಬರುವ ಹೊತ್ತಿಗೆ ಅವೆಲ್ಲ ಒಳಹೊಕ್ಕು ಬಿಲದ ಬಾಯಿಗೆ ಕೆಸರು ಮುಚ್ಚಿಕೊಳ್ಳುತ್ತಿದ್ದವು.

ಅವ್ವ ಮಾತ್ರ ನನ್ನ ಜೊತೆ ಬರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅಜ್ಜ ತೀರಿಕೊಂಡಿದ್ದ. ಸುದ್ದಿ ಢಾಬಾದ ಫೋನಿಗೆ ಬಂತು. ಅವ್ವ ಉಟ್ಟ ಸೀರೆಯಲ್ಲೇ ಹೊರಟಳು. ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತು. ಸಂಜೆ ಹೊಳೆದಂಡೆ ಮುಟ್ಟುವಷ್ಟರಲ್ಲಿ ಕುರ್ವೆಯಿಂದ ಹೆಣ ದಾಟಿಸಿ, ಈಚೆ ದಡದ ಸುಡುಗಾಡಿನಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು. ನನಗೊಂದು ಗಳಿಗೆ ಕಾಯಲಿಕ್ಕಾಗಲಿಲ್ಲವೆ ಎಂದು ಅವ್ವ ಕೇಳಿದಳಂತೆ. ಮಾವ ತಲೆ ತಗ್ಗಿಸಿದನಂತೆ. ಅವ್ವ ದೋಣಿ ಹತ್ತದೆ ಹಾಗೇ ತಿರುಗಿ ಬಂದಳು. ಅಲ್ಲಿಂದ ಆ ಹೊಳೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಅಜ್ಜಿ ಕಳಿಸಿದ ಒಣ ಬಳಚನ್ನು ಮುಟ್ಟದೆ ನೆರೆಮನೆಗೆ ಕೊಟ್ಟುಬಿಡುತ್ತಿದ್ದಳು.

ಹೀಗೇ ಒಂದು ಬೇಸಗೆಯಲ್ಲಿ ನಾನು ಹೋದಾಗ ಅಜ್ಜಿಯ ಕಣ್ಣು ಮಂಜಾಗಿತ್ತು. ನಾನು ಹೊರಡುವಾಗ ನನ್ನ ಮುಖವನ್ನು ಕೈಯಿಂದ ಸವರಿ, "ನಿನ್ನವ್ವನ ಮುಖ ಕಾಣೂವಷ್ಟು ಕಣ್ಣು ಇನ್ನೂ ಉಂಟು ಅಂತ ಹೇಳು ತಂಗೀ" ಅಂದಳು. ನಾನು ಮನೆಗೆ ಬಂದು ಹೇಳಿದೆ. ಅವ್ವ ಪಾತ್ರೆ ತಿಕ್ಕುತ್ತಲೇ ಇದ್ದಳು. ನನಗೆ ಅಳು ಬಂತು. ಅವಳು ಒಮ್ಮೆ ಹೋಗಲಿ ಎಂಬುದೊಂದೇ ಆಗ ನನಗೆ ಬೇಕಾಗಿದ್ದದ್ದು.

ಆ ಸಲ ನಾನು ಡಬ್ಬಿಯಲ್ಲಿ ಕೆಸರು ತುಂಬಿಸಿ ಒಂದು ಏಡಿಯನ್ನೂ ತಂದಿದ್ದೆ. ಅಪ್ಪ ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ಹಳೆಯ ತೊಟ್ಟಿಯೊಂದು ಬಿರುಕುಬಿಟ್ಟು ಮೂಲೆ ಸೇರಿತ್ತು. ಅದರಲ್ಲಿ ಕೆಸರು ಹರಡಿದೆ. ಏಡಿ ಬಿಲ ತೋಡಿಕೊಂಡಿತು. ಅದಕ್ಕೆ ಉಪ್ಪುನೀರು ಬೇಕಲ್ಲ, ಅಡುಗೆಮನೆಯ ಹರಳುಪ್ಪು ಕರಗಿಸಿ ಬೆರಳದ್ದಿ ನೆಕ್ಕಿ ನೋಡುತ್ತಿದ್ದೆ. ಹೊಳೆಯ ರುಚಿ ನನ್ನ ನಾಲಗೆಗೆ ಗೊತ್ತು ಎಂಬ ಜಂಬ. ಅವ್ವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬೈಯುತ್ತಾಳೆ ಅಂದುಕೊಂಡರೆ ತಾನೂ ಬೆರಳದ್ದಿ ಬಾಯಿಗಿಟ್ಟುಕೊಂಡಳು. "ಬೇಸಗೆ ಹೊಳೆ ಇಷ್ಟು ಸಪ್ಪೆ ಇರೂದಿಲ್ಲ" ಎಂದು ಇನ್ನೊಂದು ಚಿಟಿಕೆ ಹಾಕಿ ಒಳಗೆ ಹೋದಳು.

ಏಡಿಯ ವರ್ತನೆ ನನಗೆ ಅರ್ಥವಾಗಲಿಲ್ಲ. ಒಂದು ದಿನ ಬೆಳಗಿನ ಚಹಾದ ಹೊತ್ತಿಗೆ ಹೊರಬಂದು ಕೈ ಬೀಸಿತು. ಮರುದಿನ ಅದಕ್ಕಿಂತ ತಡವಾಗಿ, ಅದರ ಮರುದಿನ ಇನ್ನೂ ತಡವಾಗಿ. ಆಮೇಲೆ ಬಿಲ ಮುಚ್ಚಿಕೊಂಡರೆ ಅನ್ನದ ಅಗುಳು ಹಾಕಿ ಕರೆದರೂ ಇಲ್ಲ. ಬಿಸಿಲಿಗೋ ಹಸಿವಿಗೋ ಎಂದು ತಲೆ ಕೆಡಿಸಿಕೊಂಡು ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಏಡಿ ಕೇಸರಿ ಕೈ ಎತ್ತಿ ಇಳಿಸುತ್ತಿತ್ತು.

"ಅಲ್ಲೀಗ ಇಳಿತ" ಅಂದಳು ಅವ್ವ. "ಅಬ್ಬೆ ಬಳಚು ಹೆಕ್ಕೂಕೆ ಇಳಿದಿರ್ತಾಳೆ."

ನೀರಿಲ್ಲ, ಸಮುದ್ರವಿಲ್ಲ, ಇಷ್ಟು ದೂರ ಘಟ್ಟ ಹತ್ತಿಸಿಕೊಂಡು ಬಂದರೂ ಆ ಹುಳದಂಥ ಜೀವದೊಳಗೆ ಹೊಳೆ ಏರುತ್ತಿತ್ತು, ಇಳಿಯುತ್ತಿತ್ತು. ಅವ್ವ ತುಂಬ ಹೊತ್ತು ನೋಡುತ್ತಿದ್ದಳು. ರೊಟ್ಟಿ ಸೀದ ವಾಸನೆ ಬಂದರೂ ಏಳಲಿಲ್ಲ. ಆಮೇಲೆ ನನಗೆ ಹೇಳಿದಳೋ ಏಡಿಗೋ ತಿಳಿಯದ ಹಾಗೆ, "ಅವತ್ತು ಅಪ್ಪನ್ನ ದಾಟ್ಸೂಕೆ ಭರತಿ ಎಷ್ಟೊತ್ತಿಗಿತ್ತು ಅಂತ ನಾ ಕೇಳ್ಲೇ ಇಲ್ಲ" ಅಂದಳು.

ಮರುದಿನವೇ ಹೊರಟುನಿಂತಳು. ಇಲ್ಲಿದ್ದರೆ ಏಡಿ ಸಾಯುತ್ತದೆ, ಬಿಟ್ಟು ಬರಬೇಕು ಎಂದು ಅಪ್ಪನಿಗೆ ನೆವ ಹೇಳಿದಳು. ಅಪ್ಪ ನಗು ನುಂಗಿಕೊಂಡು, "ಏಡಿ ಸಲುವಾಗಿ ಅಂದ್ರ ಹೋಗ್ಲೇಬೇಕಲ್ಲ, ಮಳಿ ಹಿಡಿಯೋದ್ರೊಳಗ ಹೋಗಿ ಬಾ" ಅಂದ.

ನಾವು ದಂಡೆ ಮುಟ್ಟಿದಾಗ ಇಳಿತ. ನಮಗೂ ಕುರ್ವೆಗೂ ನಡುವೆ ಹೊಳೆಯುವ ಕೆಸರು. ಆಚೆ ಮಾವ ದೋಣಿಯ ಪಕ್ಕ ನಿಂತಿದ್ದ. ಅವ್ವನ ಗುರುತು ಹಿಡಿದಿರಬೇಕು, ತಲೆಯ ಮುಂಡಾಸು ಬಿಚ್ಚಿ ಮೊಣಕಾಲ ಮೇಲಿಟ್ಟು ಕೂತುಬಿಟ್ಟ. ಇತ್ತ ಅವ್ವನೂ ಕೂತಳು. ನಾನು ಡಬ್ಬಿ ಬಗ್ಗಿಸಿದೆ. ಏಡಿ ನೂರಾರು ಏಡಿಗಳೊಳಗೆ ಸೇರಿಹೋಯಿತು. ಅಣ್ಣತಂಗಿಯರಿಬ್ಬರೂ ಕೂಗಲಿಲ್ಲ, ಕೈ ಬೀಸಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ಗರುಡವೊಂದು ಮೇಲೆ ಸುತ್ತುತ್ತಿತ್ತು. ನನಗೆ ತೂಕಡಿಕೆ ಬಂತು. ಕಣ್ಣು ಬಿಟ್ಟಾಗ ಕೆಸರಿನ ಗೆರೆಗಳಲ್ಲಿ ನೀರು ಸದ್ದಿಲ್ಲದೆ ಹರಿದು ಬರುತ್ತಿತ್ತು, ಬಿಲಗಳು ಮುಚ್ಚಿದ್ದವು, ದೋಣಿ ಅಲುಗಾಡಿತು.

ಮಾವ ಈಚೆ ದಡಕ್ಕೆ ಬಂದು ಅವ್ವನ ಚೀಲ ಎತ್ತಿಕೊಂಡ. ಕಾದು ಬೇಸರವಾಯಿತೇ ಎಂದು ಕೇಳಿದ.

"ಇಲ್ಲ ಅಣ್ಣ" ಅಂದಳು ಅವ್ವ. "ನೀರು ಹೇಳ್ದಾಂಗೆ ಕೇಳ್ಬೇಕಲ್ಲ, ನೀನಾದ್ರೂ ಎಂತ ಮಾಡ್ತೆ."

ಮಾವ ಆ ದಿನ ದೋಣಿಯ ದಾರಿಯುದ್ದಕ್ಕೂ ಅತ್ತ. ಗಂಡಸರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿಗೆ ಸೇತುವೆ ಬಂದಿದೆ. ಅದರ ದಾರಿಗೆಂದು ಕಲ್ಲುಮಣ್ಣು ತುಂಬಿದ ಕಡೆ ಕೆಸರೂ ಇಲ್ಲ, ಏಡಿಯೂ ಇಲ್ಲ. ಇನ್ನೊಂದು ಬದಿಗೆ ಸಿಗಡಿ ಹೊಂಡಗಳು. ನೀರುನಾಯಿಯ ಮಾತೆತ್ತಿದರೆ ಮಾವನ ಮೊಮ್ಮಕ್ಕಳು ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಈಚೆಗೆ ಮಾವ ತೀರಿಕೊಂಡ. ಅವ್ವನನ್ನು ಕಾರಿನಲ್ಲಿ ಕರೆದೊಯ್ದೆ. ನಮಗಾಗಿ ಕಾದಿದ್ದರು. ಅಂಗಳದಲ್ಲಿ ವ್ಯಾನು ತಯಾರಾಗಿ ನಿಂತಿತ್ತು. ಅವ್ವ ಅಣ್ಣನ ತಲೆಯ ಹತ್ತಿರ ಕೂತು, ಭರತಿ ಯಾವಾಗ ಎಂದು ಕೇಳಿದಳು. ಹುಡುಗರಲ್ಲೊಬ್ಬ ಹುಡುಕಲು ಮೊಬೈಲು ತೆಗೆದ. ಮಾವನ ಮಗ ಬಗ್ಗಿ, "ಅತ್ತೆ, ಈಗ ನೀರು ನೋಡೂದು ಬೇಡ. ಸೇತುವೆ ಉಂಟಲ್ಲ, ಯಾವಾಗ ಬೇಕಾದ್ರೂ ಹೋಗ್ಲಕ್ಕು" ಅಂದ.

ಅವ್ವ ಅಣ್ಣನ ಹಣೆಯ ಮೇಲೆ ಕೈಯಿಟ್ಟು, "ಹಾಂಗಾದ್ರೆ ಇನ್ನೊಂದು ಗಳಿಗೆ ಇಲ್ಲೇ ಇರ್ಲಿ" ಅಂದಳು.