ಮೂರು ತಿಂಗಳು ತುಂಬದ ಓಟ

ನಾನು ಹಳಿಯಾಳದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕೋರಾಗಿ ಪಾಠ ಹೇಳುತ್ತಿದ್ದಾಗಿನ ಮಾತು ಇದು, ಎಂಬತ್ತರ ದಶಕದ ಆರಂಭ. ಊರ ಅಂಚಿನ ಕೇರಿಗೆ ಬೆಂಕಿ ಬಿದ್ದು ಗುಡಿಸಲುಗಳು ಸುಟ್ಟುಹೋಗಿದ್ದವು. ಆ ಜನಕ್ಕೆ ನೆರವು ಕೂಡಿಸಲು ಶಾಲೆಯಿಂದ ದಾಂಡೇಲಿ ರಸ್ತೆಯ ನಾಕಾದವರೆಗೆ ಗಂಡುಮಕ್ಕಳ ಶಾಲೆಯವರನ್ನೂ ಸೇರಿಸಿಕೊಂಡು ಒಂದು ಸಣ್ಣ ಓಟ ಇಟ್ಟರು. ನಮ್ಮ ಹೆಡ್‌ಮಿಸ್ಟ್ರೆಸ್, ಅವರನ್ನು ನಾವು ದೊಡ್ಡ ಅಕ್ಕೋರು ಎನ್ನುತ್ತಿದ್ದೆವು, ನನ್ನನ್ನು ಕೇಳದೆಯೇ ಓಟದ ಮುಂಚೂಣಿಗೆ ಹಾಕಿದರು. ಕಾಲೇಜಿನಲ್ಲಿ ಖೋ ಖೋ ಆಡಿದವಳೆಂಬ ಕೀರ್ತಿ ನನ್ನದು.

ನನಗೆ ಆಗ ಎರಡು ತಿಂಗಳು. ಹಿಂದಿನ ವರ್ಷವೂ ಹೀಗೇ ಎರಡು ತಿಂಗಳಿದ್ದಾಗ ಸಂತೋಷ ತಡೆಯಲಾರದೆ ಓಣಿಗೆಲ್ಲ ಹೇಳಿಕೊಂಡಿದ್ದೆ. ವಾರ ಕಳೆಯುವುದರೊಳಗೆ ಹೋಗಿಬಿಟ್ಟಿತು. ಮಂದಿಯ ಕಣ್ಣು ತಾಗಿತೆಂದು ಅತ್ತೆ ತೀರ್ಮಾನಿಸಿದರು. ಈ ಸಲ ಡಾಕ್ಟರಮ್ಮ ಓಡುವುದು, ಜಿಗಿಯುವುದು ಬೇಡವೆಂದಿದ್ದರು. ಅತ್ತೆ ಬಾಯಿ ಬಿಡುವುದೇ ಬೇಡವೆಂದಿದ್ದರು, ಮೂರು ತುಂಬುವವರೆಗೆ. ಗಂಡ ಅಂಬಿಕಾನಗರದ ನೌಕರಿಯಲ್ಲಿ. ಈ ಎರಡು ಮಾತಿನ ನಡುವೆ ಸಿಕ್ಕವಳು ನಾನು.

ಆ ಬೆಳಿಗ್ಗೆ ಹೊಟ್ಟೆನೋವೆಂದು ಹೇಳಿ ನೋಡಿದೆ.

"ಏನ್ ಬ್ಯಾನಿ ಬಂತವಾ ಈ ಸಾಲಿಗೆ!" ದೊಡ್ಡ ಅಕ್ಕೋರು ಕೈ ಜೋಡಿಸಿದರು. "ಹೊಲಿಗಿ ಅಕ್ಕೋರಿಗೆ ಸೊಂಟ, ಗಣಿತದವರಿಗೆ ಮೊಣಕಾಲು, ಈಗ ನಿಮಗ ಹೊಟ್ಟಿ. ಮಂದಿ ಮನಿ ಸುಟ್ಟಾವ್ರೀ, ನಡೀರಿ!"

ಸೆರಗು ಬಿಗಿದು ನಿಂತೆ. ನಿಧಾನ ನಡೆದು ಹಿಂದೆ ಉಳಿದರಾಯಿತು ಎಂದುಕೊಂಡಿದ್ದೆ. ಸೀಟಿ ಊದಿದ ಕೂಡಲೇ ನನ್ನ ತರಗತಿಯ ಹುಡುಗಿಯರು ಎರಡೂ ಕೈ ಹಿಡಿದುಕೊಂಡರು. ಹಿಂದಿನಿಂದ ಒಂದು ದಂಡು ಬೆನ್ನಿಗೆ ಒತ್ತಿತು. ರಸ್ತೆಯ ಎರಡೂ ಬದಿ ಜನ. ನಿಂತರೆ ಮಕ್ಕಳು ನನ್ನ ಮೇಲೆಯೇ ಬೀಳುತ್ತಾರೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲ.

"ಓಡ್ರೀ ಅಕ್ಕೋರ, ಗಂಡಹುಡುಗೂರ ಸಾಲಿಯವ್ರು ಮುಂದ ಹೊಂಟ್ರು!"

"ಬಿಡ್ರೇ ಕೈ!"

"ನಾವ್ ಬಿಡಂಗಿಲ್ಲ!"

ಒಂದೊಂದು ಹೆಜ್ಜೆ ನೆಲಕ್ಕೆ ಬಡಿದಾಗಲೂ ಕಿಬ್ಬೊಟ್ಟೆಯ ಕಡೆಗೇ ಜೀವ. ಹಿಟ್ಟಿನ ಗಿರಣಿಯ ಮುಂದೆ ಅತ್ತೆ ನಿಂತಿದ್ದರು. ನನ್ನನ್ನು ಕಂಡವರೇ ಹಿಟ್ಟಿನ ಡಬ್ಬಿ ಕೆಳಗಿಟ್ಟು ಗುಂಪಿನೊಳಗೆ ನುಗ್ಗಿ ನನ್ನ ರಟ್ಟೆ ಹಿಡಿದರು. ಎಲ್ಲರೂ ಒಬ್ಬರ ಮೇಲೊಬ್ಬರು ಬಂದು ನಿಂತರು.

"ಏನಾತ್ರೀ ಅಮ್ಮಾರ?" ದೊಡ್ಡ ಅಕ್ಕೋರು ಏದುಸಿರು ಬಿಡುತ್ತ ಬಂದರು.

"ಆಕಿ ಕಾಲಾಗ ಮುಳ್ಳ ನಟ್ಟೇತ್ರಿ."

"ಚಪ್ಪಲಿ ಹಾಕ್ಯಾರಲ್ರಿ? ಎಲ್ಲಿ, ತೋರಿಸ್ರಿ. ತಗದ್ರ ಓಡ್ತಾರ."

ಅವರು ನಿಜವಾಗಿಯೂ ಬಗ್ಗಿ ನನ್ನ ಪಾದ ಎತ್ತಲು ಬಂದರು. ಅತ್ತೆ ನನ್ನ ಕೈ ಚಿವುಟಿದರು, ಸುಮ್ಮನಿರು ಎಂದು. ಮಕ್ಕಳು ಇನ್ನೊಂದು ಕೈ ಎಳೆಯುತ್ತಲೇ ಇದ್ದರು. ನಾನು ಹೇಳಿಯೇಬಿಟ್ಟೆ.

"ನನಗ ಎರಡ ತಿಂಗಳ ಆಗೇತ್ರೀ. ಓಡಬಾರ್ದು ಅಂದಾರ."

ದೊಡ್ಡ ಅಕ್ಕೋರು ಮಕ್ಕಳ ಕೈಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿದರು. "ಮದಲ ಹೇಳಬಾರದೇನವಾ" ಎಂದರು, ಅಷ್ಟೇ. ಓಟ ನಮ್ಮನ್ನು ದಾಟಿ ಹೋಯಿತು.

ಅತ್ತೆ ಹಿಟ್ಟಿನ ಡಬ್ಬಿ ಎತ್ತಿಕೊಂಡು ನನ್ನನ್ನು ಮನೆಗೆ ಕರೆತಂದರು. ಬಂದವರೇ ನನ್ನನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂಡಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಮ್ಮಲ್ಲಿ ಲೆಕ್ಕ ಹೀಗೆ: ದೃಷ್ಟಿ ತಾಗಿದ್ದರೆ ಸುಟ್ಟ ಮೆಣಸಿನಕಾಯಿಗೆ ಘಾಟೇ ಬರುವುದಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಒಲೆ ನೋಡುತ್ತ ಕುಳಿತೆವು. ಮೆಣಸಿನಕಾಯಿ ಕಪ್ಪಾದವು. ಏನೂ ಇಲ್ಲ. ಅತ್ತೆ ಬಗ್ಗಿ ಊದುಗೊಳವೆಯಿಂದ ಜೋರಾಗಿ ಊದಿದರು. ಮರುಕ್ಷಣವೇ ಘಾಟು ಎದ್ದು ಅವರಿಗೆ ಕೆಮ್ಮು ಹತ್ತಿತು, ನನಗೂ ಹತ್ತಿತು.

"ಕೆಮ್ಮು, ಇನ್ನಷ್ಟ ಕೆಮ್ಮು!" ಎಂದರು ಅತ್ತೆ, ಕಣ್ಣೀರು ಒರೆಸಿಕೊಳ್ಳುತ್ತ. "ಯಾರ ಕಣ್ಣೂ ತಾಗಿಲ್ಲ ನೋಡು."

ಅವರಿಗೆ ಅಷ್ಟು ಸಾಕಾಯಿತು. ನಾನು ಮಾತ್ರ ಮೂರು ತುಂಬುವವರೆಗೆ ಪ್ರತಿ ಬೆಳಿಗ್ಗೆ ಹೆದರಿಕೊಂಡೇ ಹಾಸಿಗೆಯಿಂದ ಏಳುತ್ತಿದ್ದೆ. ತುಂಬಿದ ದಿನ ಅತ್ತೆ ಬೆಲ್ಲ ಹಿಡಿದು ಓಣಿಗೆಲ್ಲ ತಾವೇ ಹೇಳಿ ಬಂದರು.